ಜಾತ್ರೆಗೆ ಕೆಟ್ಟ ನಿದ್ದೆ

ಬನದ ಹುಣ್ಣಿಮೆ ಬಂತೆಂದರೆ ಐಹೊಳೆ, ಹುನಗುಂದ, ಇಳಕಲ್ ಕಡೆಯ ಜನರಿಗೆ ನಿದ್ದೆಯ ಲೆಕ್ಕ ಇರುವುದಿಲ್ಲ. ಬಾದಾಮಿ ಬನಶಂಕರಿಯ ತೇರು ಎಳೆದು ವಾರಗಳಾದರೂ ಕಂಪನಿ ನಾಟಕಗಳ ಟೆಂಟಿನಲ್ಲಿ ದೀಪ ಆರದು. ತಡರಾತ್ರಿಯ ಆಟ ಮುಗಿಯುವಷ್ಟರಲ್ಲಿ ನಸುಕು. ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯೆ ತಿಂದು ಊರ ದಾರಿ ಹಿಡಿದವರು ಮಧ್ಯಾಹ್ನ ಮಲಗಿ ಸುಧಾರಿಸಿಕೊಳ್ಳುತ್ತಾರೆ.

ಉನ್ಮಾದ, ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆ ಇದ್ದವರಲ್ಲಿ ಎಲ್ಲರಿಗೂ ಅದು ಸಾಧ್ಯವಾಗುವುದಿಲ್ಲ. ಒಂದೆರಡು ರಾತ್ರಿ ನಿದ್ದೆಗೆಟ್ಟರೂ ಕೆಲವರಲ್ಲಿ ಉನ್ಮಾದ ಕೆರಳುತ್ತದೆ. ನಿದ್ದೆಯೇ ಬೇಡ, ಮಾತು ನಿಲ್ಲದು, ಇದ್ದಬದ್ದ ದುಡ್ಡೆಲ್ಲ ಖರ್ಚು. ‘ಜಾತ್ರ್ಯಾಗ ಗಾಳಿ ಬಡದೈತಿ’ ಎಂದು ಮನೆಯವರು ತಾಯತ ಹುಡುಕುತ್ತಾರೆ. ಬಡಿದದ್ದು ಗಾಳಿಯಲ್ಲ, ಮೈಯೊಳಗಿನ ಗಡಿಯಾರ ಹದ ತಪ್ಪಿರುತ್ತದೆ.

ಆ ಗಡಿಯಾರ ಹುಟ್ಟಿನಿಂದಲೇ ಬಂದದ್ದು. ಹಣ್ಣುನೊಣದಲ್ಲಿ ಅದರ ಮೊದಲ ವಂಶವಾಹಿ ‘ಪೀರಿಯಡ್’ ಅನ್ನು 1971ರಲ್ಲಿ ರೊನಾಲ್ಡ್ ಕೊನೊಪ್ಕ ಮತ್ತು ಸೀಮೋರ್ ಬೆಂಜರ್ ಗುರುತಿಸಿದರು. ಈ ವಂಶವಾಹಿ ಒಂದು ಪ್ರೋಟೀನ್ ಮಾಡಿಸುತ್ತದೆ. ಪ್ರೋಟೀನ್ ಸಾಕಷ್ಟು ಕೂಡಿದ ಮೇಲೆ ಮರಳಿ ಬಂದು ವಂಶವಾಹಿಯ ಬಾಯಿಯನ್ನೇ ಮುಚ್ಚಿಸುತ್ತದೆ. ಅದು ಕರಗಿದಾಗ ಕೆಲಸ ಮತ್ತೆ ಶುರು. ಒಂದು ಸುತ್ತಿಗೆ ಹೆಚ್ಚುಕಡಿಮೆ 24 ಗಂಟೆ. ಇದನ್ನು ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ನಮ್ಮ ಬೆಂಗಳೂರಿನ ಜಕ್ಕೂರಿನಲ್ಲೂ ಇಂಥದೇ ಕೆಲಸ ನಡೆದಿದೆ ಎಂಬುದು ಇಲ್ಲಿ ಅನೇಕರಿಗೆ ಗೊತ್ತಿಲ್ಲ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಎಂ.ಕೆ. ಚಂದ್ರಶೇಖರನ್ ಮತ್ತು ಸಂಗಡಿಗರು ರಾತ್ರಿಯನ್ನೇ ಕಾಣದಂತೆ, ಎಡೆಬಿಡದ ಬೆಳಕಿನಲ್ಲಿ 600 ತಲೆಮಾರು ಸಾಕಿದ ಹಣ್ಣುನೊಣಗಳನ್ನು ಪರೀಕ್ಷಿಸಿದರು. ಕತ್ತಲಿಗೆ ಬಿಟ್ಟಾಗಲೂ ಅವು ಕೋಶ ಒಡೆದು ಹೊರಬರುವ ಹೊತ್ತು ತಪ್ಪಿರಲಿಲ್ಲ. 1999ರಲ್ಲಿ ಪ್ರಕಟವಾದ ಈ ಫಲಿತಾಂಶ ನನ್ನನ್ನಂತೂ ದಂಗುಬಡಿಸಿತು.

ಕಾಯಿಲೆಗೂ ಈ ಗಡಿಯಾರಕ್ಕೂ ಕೊಂಡಿ ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಕೊಟ್ಟು ನೋಡಿದ ಈ ಲವಣ, ಮೈಗಡಿಯಾರದ ಸುತ್ತನ್ನು ಸ್ವಲ್ಪ ಉದ್ದ ಮಾಡುತ್ತದೆ. 2007ರ ಪ್ರಯೋಗವೊಂದರಲ್ಲಿ, ‘ಕ್ಲಾಕ್’ ವಂಶವಾಹಿ ಕೆಟ್ಟ ಇಲಿಗಳು ಉನ್ಮಾದದವರಂತೆ ಓಡಾಡುತ್ತ, ಕಡಿಮೆ ಮಲಗುತ್ತಿದ್ದವು. ಲಿಥಿಯಂ ಕೊಟ್ಟಾಗ ಬಹುಮಟ್ಟಿಗೆ ತಹಬಂದಿಗೆ ಬಂದವು.

ಹಾಗೆಂದು ‘ಗಡಿಯಾರದ ಜೀನೇ ಕಾರಣ’ ಎಂದು ಷರಾ ಬರೆಯುವುದು ಅವಸರ. 2021ರಲ್ಲಿ ಸುಮಾರು 42 ಸಾವಿರ ರೋಗಿಗಳ ಡಿಎನ್ಎ ಜಾಲಾಡಿದಾಗ ಕಾಯಿಲೆಗೆ ಸಂಬಂಧಪಟ್ಟ 64 ತಾಣಗಳು ಸಿಕ್ಕವು, ಒಂದೊಂದರ ಪಾಲೂ ಚಿಕ್ಕದು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಮತ್ತು ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಕೂಡಿ, ಒಂದೇ ಮನೆಯಲ್ಲಿ ಹಲವರಿಗೆ ಮನೋರೋಗವಿರುವ ಕುಟುಂಬಗಳನ್ನು ಅಭ್ಯಾಸ ಮಾಡುತ್ತಿವೆ. ಅವರ ರಕ್ತದ ಕಣಗಳಿಂದ ಕಾಂಡಕೋಶ ಮಾಡಿ, ಅವುಗಳಿಂದ ನರಕೋಶ ಬೆಳೆಸಿ ನೋಡುತ್ತಿವೆ.

ಫಲ ಬರುವ ತನಕ ಕಾಯಬೇಕಿಲ್ಲ. ಮನೆಯಲ್ಲಿ ಈ ಕಾಯಿಲೆಯವರಿದ್ದರೆ ಬನಶಂಕರಿಗೆ ಕರೆದೊಯ್ಯಿರಿ, ಹಗಲು ತೇರು ತೋರಿಸಿ, ರಾತ್ರಿ ಆಟ ಬಿಡಿಸಿ. ಜಾತ್ರೆಯ ನೆಪದಲ್ಲಿ ಗುಳಿಗೆ ತಪ್ಪಿಸಬೇಡಿ. ಲಿಥಿಯಂ ತಗೊಳ್ಳುವವರು ವೈದ್ಯರು ಹೇಳಿದ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಸತತ ಎರಡು ರಾತ್ರಿ ನಿದ್ದೆ ಬಾರದೆಯೂ ಹುರುಪು ಹೆಚ್ಚುತ್ತಿದ್ದರೆ ತಾಯತಕ್ಕೆ ಮೊದಲು 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲಿರುಳೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ.