ಕಣ್ಣಿಗೆ ಕಾಣದ ಜೋಡಣೆ

ಆಸ್ಪತ್ರೆಗೆ ಹೋದಾಗ ಚೀಟಿ ಮಾಡಿಸಲು ನಾವೆಲ್ಲ ಒಂದು ಉದ್ದನೆಯ ಕೌಂಟರಿನ ಮುಂದೆ ನಿಲ್ಲುತ್ತೇವೆ. ಮೊಣಕೈ ಊರಿ, ಕೈಚೀಲ ಮೇಲಿಟ್ಟು ಸರದಿಗಾಗಿ ಕಾಯುತ್ತೇವೆ. ಕಾಯಿಲೆಯ ಚಿಂತೆಯಲ್ಲಿ ಆ ಕೌಂಟರನ್ನು ಯಾರು ನೋಡುತ್ತಾರೆ? ಮುಂದಿನ ಸಲ ಒಮ್ಮೆ ಅದರ ಮೇಲೆ ಕೈಯಾಡಿಸಿ ನೋಡಿ. ಮೂವತ್ತು ಅಡಿ ಉದ್ದವಿದ್ದರೂ ಎಲ್ಲಿಯೂ ಬೆರಳಿಗೆ ಗೆರೆ ಸಿಗದಿದ್ದರೆ, ಮುಂದಿನ ಅಂಚು ದುಂಡಗೆ ಕೆಳಗಿಳಿದಿದ್ದರೆ, ಅದು ಕಲ್ಲಾಗಿರಲಿಕ್ಕಿಲ್ಲ. ಅದನ್ನು ಸಾಲಿಡ್ ಸರ್ಫೇಸ್ ಎನ್ನುತ್ತಾರೆ.

ನಾನು ಮಂಜೇಶ್ವರದ ಕಡೆಯವನು. ಊರಿನಲ್ಲಿ ಆಚಾರಿಯೊಬ್ಬರ ಕೈಕೆಳಗೆ ಮರದ ಕೆಲಸ ಕಲಿತು ಗಲ್ಫಿಗೆ ಹೋದೆ. ಅಲ್ಲಿ ಹೋಟೆಲು, ಆಸ್ಪತ್ರೆ, ಕ್ಯಾಂಟೀನುಗಳ ಕೌಂಟರು ಮಾಡುವ ವರ್ಕ್‌ಶಾಪಿಗೆ ಸೇರಿಕೊಂಡೆ. ಈಗ ಊರಿನಲ್ಲಿದ್ದೇನೆ. ನಮ್ಮ ಹುಡುಗರು ಕೆಲವರು ಮಂಗಳೂರು, ಬೆಂಗಳೂರು, ಗಲ್ಫ್ ಎಂದು ಇದೇ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರ ತಾಯಂದಿರು ದಾರಿಯಲ್ಲಿ ಸಿಕ್ಕಾಗ, "ಅದು ಕಲ್ಲಿನ ಕೆಲಸವಾ, ಪ್ಲಾಸ್ಟಿಕ್ಕಿನ ಕೆಲಸವಾ?" ಎಂದು ಕೇಳುತ್ತಾರೆ. ಎರಡೂ ಹೌದು, ಎರಡೂ ಅಲ್ಲ.

ಅಮೆರಿಕದ ಡುಪಾಂಟ್ ಕಂಪೆನಿಯವರು 1967ರಲ್ಲಿ ಕೋರಿಯಾನ್ ಎಂಬ ಹಲಗೆಯನ್ನು ಕಂಡುಹಿಡಿದರು. ಆಮೇಲೆ ಕೊರಿಯಾ ದೇಶದ ಕಂಪೆನಿಗಳೂ ಇಂಥದ್ದನ್ನೇ ತಯಾರಿಸಿದವು. ಇದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಅಕ್ರಿಲಿಕ್ ಅಂಟು. ಉಳಿದ ಎರಡು ಪಾಲು ಬಾಕ್ಸೈಟ್ ಅದಿರಿನಿಂದ ತೆಗೆದ ಬಿಳಿಯ ಹುಡಿ, ಅಲ್ಯುಮಿನಾ ಟ್ರೈಹೈಡ್ರೇಟ್. ಬಾಕ್ಸೈಟ್ ಎಂದರೆ ಎಲ್ಲಿಯದೋ ವಸ್ತುವಲ್ಲ, ನಮ್ಮ ಕುಂಬಳೆ, ನೀಲೇಶ್ವರದ ಮುರಕಲ್ಲಿನ ಜೊತೆಯಲ್ಲೂ ಇದೆ. ಮೇಲಿಂದ ಕೆಳಗಿನವರೆಗೆ ಹಲಗೆ ಒಂದೇ ಬಣ್ಣ, ಒಂದೇ ಗುಣ. ಆದ್ದರಿಂದ ಗೀರು ಬಿದ್ದರೆ ಉಜ್ಜಿ ತೆಗೆಯಬಹುದು. ನೀರು ಹೀರುವುದಿಲ್ಲ, ಕೊಳೆ ಕೂರಲು ಸಂದು ಇರುವುದಿಲ್ಲ. ಆಸ್ಪತ್ರೆಯವರಿಗೆ ಇದು ಇಷ್ಟವಾಗುವುದು ಅದಕ್ಕೇ.

ಆದರೆ ಹಲಗೆ ಬರುವುದು ಸುಮಾರು 12 ಅಡಿ ಉದ್ದ, ಎರಡೂವರೆ ಅಡಿ ಅಗಲ, 12 ಮಿಲಿಮೀಟರ್ ದಪ್ಪದಲ್ಲಿ. ಒಂದೊಂದು 60 ಕಿಲೋಗೆ ಸಮೀಪ. ಮೂವತ್ತು ಅಡಿಯ ಕೌಂಟರಿಗೆ ಮೂರು ಹಲಗೆ, ಎರಡು ಜೋಡಣೆ. ಗಿರಾಕಿ ದುಡ್ಡು ಕೊಡುವುದು ಆ ಎರಡು ಜೋಡಣೆ ಕಾಣಬಾರದು ಎಂದು.

ಮೊದಲು ಹಲಗೆಗಳ ಹಿಂದೆ ಇರುವ ಬ್ಯಾಚ್ ನಂಬರ್ ನೋಡಬೇಕು. ಬೇರೆ ಬೇರೆ ಬ್ಯಾಚಿನ ಬಿಳಿ ಬೇರೆ ಬೇರೆ ಬಿಳಿಯೇ. ಮೂರು ಹಲಗೆ ಜೋಡಿಸಿ ಉಜ್ಜಿದ ಮೇಲೆ ಅದು ಗೊತ್ತಾದರೆ ಅತ್ತರೂ ಪ್ರಯೋಜನವಿಲ್ಲ. ಬಳಿಕ ಎರಡು ಅಂಚುಗಳನ್ನು ಎದುರುಬದುರು ಇಟ್ಟು ನಡುವೆ ರೂಟರ್ ಮೆಷಿನು ಓಡಿಸುತ್ತೇವೆ. ಒಂದು ಕಡೆ ಕೂದಲೆಳೆಯಷ್ಟು ಸೊಟ್ಟವಾದರೆ ಇನ್ನೊಂದು ಕಡೆಯೂ ಅದಕ್ಕೆ ಸರಿಯಾಗಿ ಸೊಟ್ಟವಾಗುತ್ತದೆ, ಎರಡೂ ಕೂಡಿಕೊಳ್ಳುತ್ತವೆ. ಬಿಳಿ ಬಟ್ಟೆಗೆ ಸ್ಪಿರಿಟ್ ಹಾಕಿ ಅಂಚು ಒರೆಸಿದ ಮೇಲೆ ಅದನ್ನು ಕೈಯಿಂದ ಮುಟ್ಟುವಂತಿಲ್ಲ. ಬೆರಳಿನ ಬೆವರೂ ಬಿಳಿ ಕೌಂಟರಿನಲ್ಲಿ ಕಪ್ಪು ಗೆರೆಯಾಗಿ ಉಳಿಯುತ್ತದೆ.

ಅಂಟು ಎರಡು ಬಗೆಯದನ್ನು ಬೆರೆಸಿದ್ದು, ಹಲಗೆಯ ಬಣ್ಣದ್ದೇ. ಮಾಮೂಲಿ ಸೆಖೆಯಲ್ಲಿ ಮುಕ್ಕಾಲು ಗಂಟೆಗೆ ಗಟ್ಟಿಯಾಗುತ್ತದೆ, ಹೆಚ್ಚು ಬಿಸಿಯಿದ್ದರೆ ಇನ್ನೂ ಬೇಗ. ಇನ್ನು ಕ್ಲಾಂಪ್. ಮಟ್ಟಸವಾದ ಹಲಗೆಯನ್ನು ಕ್ಲಾಂಪ್ ಹಿಡಿಯುವುದಾದರೂ ಎಲ್ಲಿ? ಅದಕ್ಕೆ ಜೋಡಣೆಯ ಎರಡೂ ಬದಿಗೆ ಮರದ ಸಣ್ಣ ತುಂಡುಗಳನ್ನು ಬಿಸಿ ಗಮ್ಮಿನಲ್ಲಿ ಅಂಟಿಸುತ್ತೇವೆ. ಕ್ಲಾಂಪು ಹಿಡಿಯುವುದು ಆ ತುಂಡುಗಳನ್ನು. ಕೆಲಸ ಮುಗಿದ ಮೇಲೆ ಬುಡಕ್ಕೆ ಸ್ವಲ್ಪ ಸ್ಪಿರಿಟ್ ಬಿಟ್ಟರೆ ಅವು ಕಳಚಿ ಬರುತ್ತವೆ. ಗಾಳಿ ಎಳೆದು ಹಿಡಿಯುವ ರಬ್ಬರ್ ಬಟ್ಟಲಿನ ಕ್ಲಾಂಪುಗಳೂ ಇವೆ, ಬೆಲೆ ಜಾಸ್ತಿ.

ಇಲ್ಲಿಯೇ ನಾನು ಒಂದು ದೊಡ್ಡ ತಪ್ಪು ಮಾಡಿದ್ದು. ಒಂದು ಕ್ಯಾಂಟೀನಿನ ಕೌಂಟರು. ಮರುದಿನ ಬೆಳಿಗ್ಗೆ ಉದ್ಘಾಟನೆ, ಗುತ್ತಿಗೆದಾರರು ಗಂಟೆಗೊಮ್ಮೆ ಬಂದು ಗಡಿಯಾರ ತೋರಿಸುತ್ತಿದ್ದರು. ಮರದ ಕೆಲಸದ ಅಭ್ಯಾಸ ನನ್ನದು. ಬಿಗಿ ಮಾಡಿದಷ್ಟೂ ಗಟ್ಟಿ ಎಂದು ನಂಬಿದ್ದವನು. ಕ್ಲಾಂಪ್ ತಿರುಗಿಸಿದೆ, ಇನ್ನೂ ತಿರುಗಿಸಿದೆ. ಅಂಟೆಲ್ಲ ಹೊರಗೆ ಉಕ್ಕಿತು. ಉಜ್ಜಿದ ಮೇಲೆ ಜೋಡಣೆ ಎಲ್ಲಿದೆ ಎಂದು ನನಗೇ ಹುಡುಕಬೇಕಾಯಿತು, ಅಷ್ಟು ಚಂದ. ನಾಲ್ಕು ತಿಂಗಳಾಗಿರಬೇಕು, ಕರೆ ಬಂತು. ಬಿಸಿ ಪಾತ್ರೆ ಇಡುವ ಕಡೆ ಜೋಡಣೆ ಬಾಯಿ ಬಿಟ್ಟಿತ್ತು. ಸಾರಿನ ಎಣ್ಣೆ ಒಳಗಿಳಿದು ಹಳದಿ ಗೆರೆ ಬಿದ್ದಿತ್ತು.

ನಮ್ಮ ಮೇಸ್ತ್ರಿ ಕಣ್ಣೂರು ಕಡೆಯವರು, ವಯಸ್ಸಾದವರು. ಬೈಯಲಿಲ್ಲ. "ಎರಡು ಹಲಗೆಯ ನಡುವೆ ಇರಬೇಕಾದ ಅಂಟನ್ನೇ ಹೊರಗೆ ಹಾಕಿದ್ದೀಯಲ್ಲ, ಅವು ಯಾತರಿಂದ ಹಿಡಿದುಕೊಳ್ಳಬೇಕು ಮೋನೆ?" ಎಂದರು. "ಚೇಟ್ಟಾ, ಟೈಮಿರಲಿಲ್ಲ" ಎಂದೆ. ಅವರು ಉತ್ತರಿಸದೆ ಜೋಡಣೆ ಕತ್ತರಿಸಲು ಗುರುತು ಹಾಕಿದರು. ಕ್ಯಾಂಟೀನು ಮುಚ್ಚಿದ ಮೇಲೆ ಎರಡು ರಾತ್ರಿ ಕೂತು ಸರಿ ಮಾಡಿದೆವು.

ಉದ್ದಕ್ಕೂ ಅಂಟು ಒಂದೇ ಸಮನೆ ಹಗ್ಗದ ಹಾಗೆ ಮೇಲೆದ್ದಿತೆಂದರೆ ಸಾಕು, ಕೈ ನಿಲ್ಲಿಸಬೇಕು. ಉಕ್ಕಿದ್ದನ್ನು ಹಸಿಯಿರುವಾಗ ಒರೆಸಲೂ ಬಾರದು. ಒಣಗುವಾಗ ಅಂಟು ಕುಗ್ಗುತ್ತದೆ, ಮೇಲಿದ್ದದ್ದು ಆಗ ಒಳಗಿಳಿದು ಜಾಗ ತುಂಬುತ್ತದೆ. ಒರೆಸಿದರೆ ಗೆರೆ ಕುಳಿ ಬೀಳುತ್ತದೆ. ಉಗುರಿನಿಂದ ಒತ್ತಿದಾಗ ಗುರುತು ಬೀಳದಿದ್ದರೆ ಮಾತ್ರ ಕ್ಲಾಂಪ್ ತೆಗೆಯಬಹುದು. ಆಮೇಲೆ ಅಡಿಯಲ್ಲಿ ನಾಲ್ಕು ಇಂಚು ಅಗಲದ ಅದೇ ಹಲಗೆಯ ಪಟ್ಟಿಯೊಂದನ್ನು ಅಂಟಿಸಿ ಜೋಡಣೆಗೆ ಬಲ ಕೊಡುತ್ತೇವೆ.

ಮುಂದಿನ ಅಂಚಿನ ಕೆಲಸಕ್ಕೆ ಕ್ಲಾಂಪು ಲೆಕ್ಕವಿಲ್ಲದಷ್ಟು ಬೇಕು. 12 ಮಿಲಿಮೀಟರ್ ಹಲಗೆ ದಪ್ಪ ಕಾಣಲೆಂದು ಅಂಚಿನಡಿಗೆ ಪಟ್ಟಿ ಅಂಟಿಸುತ್ತಾರೆ. ಅಲ್ಲಿ ಮೂರು ಇಂಚಿಗೊಂದು ಕ್ಲಾಂಪ್. ಮೂವತ್ತು ಅಡಿಗೆ ನೂರಿಪ್ಪತ್ತು! ಅಷ್ಟು ಕೊಂಡುಕೊಳ್ಳುವ ಶಕ್ತಿ ಸಣ್ಣ ವರ್ಕ್‌ಶಾಪಿಗೆಲ್ಲಿದೆ? ಪಿವಿಸಿ ಪೈಪನ್ನು ಎರಡು ಇಂಚಿನ ಬಳೆಗಳಾಗಿ ಕೊಯ್ದು, ಪ್ರತಿ ಬಳೆಗೂ ಒಂದು ಸೀಳು ಕೊಟ್ಟರೆ ಅದೇ ಕ್ಲಾಂಪು. ಕೈಯಿಂದ ಅಗಲಿಸಿ ಸಿಕ್ಕಿಸಿದರೆ ಸಾಕು, ಹಿಡಿದುಕೊಳ್ಳುತ್ತದೆ. ಬಿಗಿ ಹೆಚ್ಚಾಗುವ ಭಯವೂ ಇಲ್ಲ. ಆಗಲೇ ಗೊತ್ತಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ದೊಡ್ಡ ಕೌಂಟರಿನಲ್ಲಿ ಸೆಖೆಯನ್ನೂ ಲೆಕ್ಕ ಹಾಕಬೇಕು. 30 ಡಿಗ್ರಿ ವ್ಯತ್ಯಾಸವಾದರೆ ಮೀಟರಿಗೆ ಸುಮಾರು 1 ಮಿಲಿಮೀಟರಿನಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಎರಡೂ ಗೋಡೆಗೆ ಒತ್ತಿ ಕೂರಿಸಿದರೆ ಎಲ್ಲೋ ಒಂದು ಕಡೆ ಒಡೆಯಲೇಬೇಕು. ಅದಕ್ಕೆ ಗೋಡೆಯ ಬಳಿ ಸಂದು ಬಿಟ್ಟು ಸಿಲಿಕೋನ್ ತುಂಬುತ್ತಾರೆ. ಸಿಂಕಿಗೋ ಒಲೆಗೋ ಕಿಂಡಿ ಕೊರೆಯುವಾಗ ಮೂಲೆ ದುಂಡಗಿರಬೇಕು. ಚೂಪಾದ ಮೂಲೆಯಿಂದಲೇ ಬಿರುಕು ಹೊರಡುವುದು. ಆ ಕಿಂಡಿಯ ಮೇಲೆ ಜೋಡಣೆ ಬರಕೂಡದು. ಲಿಫ್ಟಿನ ಅಳತೆಯನ್ನು ಮೊದಲೇ ತೆಗೆದುಕೊಳ್ಳದೆ ಆರನೇ ಮಹಡಿಗೆ ಮೆಟ್ಟಿಲಲ್ಲಿ ಹೊತ್ತವರ ಕಥೆ ಬೇರೆಯೇ ಇದೆ, ಅದು ಬೇಡ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಕೆಲಸದ ಚಂದವನ್ನಷ್ಟೇ ಹೇಳಿದಂತಾಗುತ್ತಿತ್ತು. ಜೋಡಣೆ ಉಜ್ಜುವಾಗ ಎದ್ದೇಳುವ ಹುಡಿಯ ಬಗ್ಗೆ ಆ ತಾಯಂದಿರು ಕೇಳುವುದೇ ಇಲ್ಲ. ಅಕ್ಕಿಹಿಟ್ಟಿನ ಹಾಗೆ ನುಣ್ಣಗೆ, ಬೆಳ್ಳಗೆ ಇರುತ್ತದೆ, ನೋಡಿದರೆ ಭಯವಾಗುವುದಿಲ್ಲ. ನಮ್ಮ ಕಾಲದಲ್ಲಿ ಮುಖಕ್ಕೊಂದು ಟವೆಲು ಸುತ್ತಿದರೆ ಆಯಿತು. 2014ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ವರ್ಷಗಟ್ಟಲೆ ಕೋರಿಯಾನ್ ಉಜ್ಜಿ ಕೊರೆದ ಒಬ್ಬ ಕೆಲಸಗಾರನ ಶ್ವಾಸಕೋಶ ಗಟ್ಟಿಯಾಗಿ ಆತ ತೀರಿಕೊಂಡ ವರದಿ ಬಂತು. ಒಬ್ಬನ ವಿಷಯದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಆದರೂ ಟವೆಲು ಸಾಲದು ಎಂದು ತಿಳಿಯಲು ನನಗೆ ಅದು ಸಾಕಾಯಿತು.

ಇದೇ ವರ್ಕ್‌ಶಾಪುಗಳಲ್ಲಿ ಕ್ವಾರ್ಟ್ಸ್ ಹಲಗೆಯನ್ನೂ ಕೊಯ್ಯುತ್ತಾರೆ. ನೋಡಲು ಹೆಚ್ಚುಕಡಿಮೆ ಹೀಗೆಯೇ, ಆದರೆ ಅದರಲ್ಲಿ ಸಿಲಿಕಾ ನೂರಕ್ಕೆ ತೊಂಬತ್ತರವರೆಗೂ ಇರುತ್ತದೆ. ಅದರ ಹುಡಿಯಿಂದ ಸಿಲಿಕೋಸಿಸ್ ಬಂದು ಎಳೆಯ ಪ್ರಾಯದ ಕೆಲಸಗಾರರು ಉಸಿರಿಗೆ ಕಷ್ಟಪಟ್ಟದ್ದನ್ನು ಕಂಡು ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ಆ ಹಲಗೆಯನ್ನೇ ನಿಷೇಧಿಸಿತು. ಒಣಗಿಸಿಕೊಂಡು ಕೊಯ್ಯುವುದಂತೂ ಬೇಡವೇ ಬೇಡ.

ಹೋದ ತಿಂಗಳು ನಮ್ಮ ವಾಳೆಯ ಹುಡುಗನೊಬ್ಬ ರಜೆಯಲ್ಲಿ ಬಂದಿದ್ದ. "ಅಂಕಲ್, ನನ್ನ ಜಾಯಿಂಟ್ ನೋಡಿ" ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದ. ಹೋಟೆಲೊಂದರ ಕೌಂಟರು. ಎಷ್ಟು ದೊಡ್ಡದು ಮಾಡಿ ನೋಡಿದರೂ ಜಾಯಿಂಟ್ ಕಾಣಲಿಲ್ಲ, ಖುಷಿಯಾಯಿತು. ಫೋಟೋದ ಮೂಲೆಯಲ್ಲಿ ಉಜ್ಜುವ ಮೆಷಿನು ಇತ್ತು, ಅದಕ್ಕೆ ಹುಡಿ ಎಳೆಯುವ ಪೈಪು ಇರಲಿಲ್ಲ. ಯಾಕೆಂದು ಕೇಳಿದೆ. "ಕೇಳಿದರೆ ಕೊಡ್ತಾರಾ ಅಂಕಲ್?" ಎಂದ.

ಪೈಪು, ಒಳ್ಳೆಯ ಮಾಸ್ಕು ಎರಡರ ಹೆಸರನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ಕೆಲಸದ ಬಟ್ಟೆಯನ್ನು ಅಲ್ಲಿಯೇ ಕಳಚಿಟ್ಟು ಬರಬೇಕು, ಮನೆಯವರ ಬಟ್ಟೆಯ ಜೊತೆ ಹಾಕಬಾರದು ಎಂದು ಅವನ ತಾಯಿಗೂ ಹೇಳಿದ್ದೇನೆ. ಮುಂದಿನ ರಜೆಗೆ ಬರುವಾಗ ಮೆಷಿನಿನ ಫೋಟೋ ತರಲು ಹೇಳಿದ್ದೇನೆ.