ಹಣೆಯ ಮೇಲೆ ಬರೆಯುವ ಸ್ನಾಯುಗಳು

"ಹಣೆಯ ಗೆರೆಗಳನ್ನು ಇಂಜೆಕ್ಷನ್ ಹಾಕಿಸಿ ಅಳಿಸಿಕೊಂಡರೆ ಆಯುಸ್ಸು ಕುಗ್ಗುತ್ತದೆ ಎನ್ನುತ್ತಾರೆ ನಮ್ಮತ್ತೆ, ನಿಜವೇ? ಬೊಟಾಕ್ಸ್ ಒಂದೇ ಸಾಲದು, ಫಿಲ್ಲರ್ ಕೂಡ ಬೇಕು ಎನ್ನುತ್ತಾರೆ ಡಾಕ್ಟರು, ಅದೇಕೆ?" ಹಾಸನದ ಓದುಗರೊಬ್ಬರು ಒಂದೇ ಕಾಗದದಲ್ಲಿ ಎರಡು ಪ್ರಶ್ನೆ ಕೇಳಿದ್ದಾರೆ.

ಆಯುಸ್ಸಿಗೆ ಏನೂ ಆಗುವುದಿಲ್ಲ. ಹಣೆಯಲ್ಲಿ ಎಷ್ಟು ಗೆರೆಯಿದ್ದರೆ ಎಷ್ಟು ವರ್ಷದ ಬದುಕು, ಗೆರೆ ನಡುವೆ ತುಂಡಾಗಿದ್ದರೆ ಯಾವ ಗಂಡಾಂತರ ಎಂದೆಲ್ಲ ಹೇಳುವ ಸಾಮುದ್ರಿಕದವರ ಮುಂದೆ ಓದಿದವರೂ ಹೋಗಿ ಕೂರುವುದು ನನಗೆ ಬೇಸರ ತರಿಸುತ್ತದೆ. ಗೆರೆ ಹೇಳುವುದು ಸ್ನಾಯುವಿನ ವಿಷಯವನ್ನು ಮಾತ್ರ. ಮುಖ ಆಡಿಸುವಾಗ ಮೂಡುವ ಸುಕ್ಕು ಕೆಳಗಿನ ಸ್ನಾಯುವಿನ ಎಳೆಗಳಿಗೆ ಅಡ್ಡವಾಗಿ ಬೀಳುತ್ತದೆ. ಹಣೆಯ ಸ್ನಾಯುವಿನ ಎಳೆಗಳು ಮೇಲಿಂದ ಕೆಳಕ್ಕೆ ಇಳಿದಿವೆ. ಹುಬ್ಬೇರಿಸಿದಾಗ ಅವು ಕುಗ್ಗಿ ಚರ್ಮ ಅಡ್ಡಡ್ಡ ಮಡಿಚಿಕೊಳ್ಳುತ್ತದೆ. ಹುಬ್ಬುಗಳನ್ನು ಒಳಕ್ಕೆಳೆಯುವ ಸ್ನಾಯು ಹೆಚ್ಚುಕಡಿಮೆ ಅಡ್ಡಕ್ಕಿರುವುದರಿಂದ, ಹುಬ್ಬು ಗಂಟಿಕ್ಕಿದಾಗ ಗೆರೆ ನೆಟ್ಟಗೆ ನಿಲ್ಲುತ್ತದೆ. ಕಣ್ಣಿನ ಸುತ್ತ ಸ್ನಾಯು ದುಂಡಗೆ ಸುತ್ತಿಕೊಂಡಿದೆ. ಅದಕ್ಕೇ ನಕ್ಕಾಗ ಕಣ್ಣಂಚಿನಿಂದ ಗೆರೆಗಳು ಹೊರಕ್ಕೆ ಚೆದುರುತ್ತವೆ. ಇನ್ನು ತುಂಡಾದ ಗೆರೆ? ಕೆಲವರಲ್ಲಿ ಹಣೆಯ ಎಡಬಲದ ಸ್ನಾಯುಗಳು ನಡುವೆ ಕೂಡಿಕೊಂಡಿರುತ್ತವೆ, ಗೆರೆ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಕೆಲವರಲ್ಲಿ ಅವು ನಡುವೆ ಜಾಗ ಬಿಟ್ಟಿರುತ್ತವೆ, ಅಲ್ಲಿ ಗೆರೆ ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಗಂಡಾಂತರದ ಕಥೆಯೆಲ್ಲ ಇಷ್ಟೇ! ಬಸ್ಸಿನಲ್ಲಿ ಎದುರು ಕೂತವರ ಹಣೆ ನೋಡಿ ಒಳಗಿನ ಸ್ನಾಯು ಹೇಗೆ ಹರಡಿದ್ದೀತೆಂದು ಊಹಿಸುವುದು ನನಗೊಂದು ಅಭ್ಯಾಸವೇ ಆಗಿಬಿಟ್ಟಿದೆ.

ಎರಡನೆಯ ಪ್ರಶ್ನೆ ಇನ್ನೂ ಸೊಗಸಾದದ್ದು. ತುಟಿ ಉಬ್ಬಿಸಿಕೊಂಡವರನ್ನು ಕಂಡರೂ "ಬೊಟಾಕ್ಸ್ ಮಾಡಿಸಿದ್ದಾರೆ" ಎನ್ನುತ್ತೇವೆ. ತಪ್ಪು. ಬೊಟಾಕ್ಸ್ ಏನನ್ನೂ ಉಬ್ಬಿಸುವುದಿಲ್ಲ. ಅದು ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ವಿಷ. ಕೆಟ್ಟ ಆಹಾರದ ಮೂಲಕ ಹೊಟ್ಟೆಗೆ ಹೋದರೆ ಉಸಿರಾಟವನ್ನೇ ನಿಲ್ಲಿಸಬಲ್ಲದು. ಅತ್ಯಲ್ಪ ಪ್ರಮಾಣದಲ್ಲಿ ಸ್ನಾಯುವಿಗೆ ಚುಚ್ಚಿದಾಗ ಅದು ನರತುದಿಯೊಳಕ್ಕೆ ನುಗ್ಗಿ ಒಂದೇ ಒಂದು ಪ್ರೋಟೀನನ್ನು ಕತ್ತರಿಸುತ್ತದೆ. ನರದ ಆಜ್ಞೆ ಸ್ನಾಯುವಿಗೆ ತಲುಪುವುದಿಲ್ಲ. ಮೂರು-ನಾಲ್ಕು ತಿಂಗಳಲ್ಲಿ ನರ ಚೇತರಿಸಿಕೊಂಡು ಸ್ನಾಯು ಮತ್ತೆ ಆಡತೊಡಗುತ್ತದೆ. ಕೆನಡಾದ ವ್ಯಾಂಕೂವರಿನ ಕಣ್ಣಿನ ವೈದ್ಯೆ ಜೀನ್ ಕ್ಯಾರದರ್ಸ್ 1980ರ ದಶಕದಲ್ಲಿ ರೆಪ್ಪೆ ಸೆಳೆತಕ್ಕೆಂದು ಇದನ್ನು ಕೊಡುತ್ತಿದ್ದಾಗ, ಹುಬ್ಬುಗಳ ನಡುವಿನ ಗೆರೆಯೂ ಮಾಯವಾಗುವುದು ಗಮನಕ್ಕೆ ಬಂತು. ಚರ್ಮವೈದ್ಯರಾದ ಪತಿ ಅಲಸ್ಟೇರ್ ಜೊತೆ ಸೇರಿ 1992ರಲ್ಲಿ ಅದನ್ನು ಪ್ರಕಟಿಸಿದರು.

ಆದರೆ ಟ್ರಂಕಿನಲ್ಲಿ ವರ್ಷಗಟ್ಟಲೆ ಮಡಿಸಿಟ್ಟ ರೇಷ್ಮೆ ಸೀರೆಯನ್ನು ಹರವಿದರೂ ಮಡಿಕೆಯ ಗುರುತು ಉಳಿಯುವಂತೆ, ಹಳೆಯ ಸುಕ್ಕು ಸ್ನಾಯು ಸುಮ್ಮನಾದ ಮೇಲೂ ಉಳಿಯುತ್ತದೆ. ಅಲ್ಲಿ ಚರ್ಮವೇ ತೆಳುವಾಗಿರುತ್ತದೆ. ಅದನ್ನು ಒಳಗಿನಿಂದ ತುಂಬಿಸುವುದು ಫಿಲ್ಲರ್‌ನ ಕೆಲಸ. ಹೆಚ್ಚಿನ ಫಿಲ್ಲರ್‌ಗಳು ಹಯಾಲುರಾನಿಕ್ ಆಮ್ಲದ ಜೆಲ್. ಈ ಆಮ್ಲ ನಮ್ಮ ಚರ್ಮದಲ್ಲಿ, ಕೀಲಿನಲ್ಲಿ, ಕಣ್ಣಿನಲ್ಲಿ ಮೊದಲೇ ಇದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ. ಚರ್ಮದಲ್ಲಿ ಇದು ಒಂದೆರಡು ದಿನಕ್ಕೇ ಕರಗಿ ಹೊಸದಾಗುತ್ತಿರುತ್ತದೆ. ಆದ್ದರಿಂದ ಫಿಲ್ಲರ್ ತಯಾರಿಸುವವರು ಅದರ ಸರಪಳಿಗಳನ್ನು ಒಂದಕ್ಕೊಂದು ಬೆಸೆದು, ತಿಂಗಳುಗಟ್ಟಲೆ ಬಾಳುವ ಜೆಲ್ ಮಾಡುತ್ತಾರೆ.

ಎರಡನ್ನೂ ಸೇರಿಸಿದರೆ ಏನಾಗುತ್ತದೆ? ನನಗೆ ಬಹಳ ಖುಷಿ ಕೊಟ್ಟ ಸಂಗತಿ ಇದು. 2003ರಲ್ಲಿ ಅದೇ ಕ್ಯಾರದರ್ಸ್ ದಂಪತಿ, ಹುಬ್ಬುಗಳ ನಡುವೆ ಆಳವಾದ ಗೆರೆಯಿದ್ದ ಮಹಿಳೆಯರಲ್ಲಿ ಕೆಲವರಿಗೆ ಫಿಲ್ಲರ್ ಮಾತ್ರ, ಉಳಿದವರಿಗೆ ಫಿಲ್ಲರ್ ಮತ್ತು ಬೊಟಾಕ್ಸ್ ಎರಡನ್ನೂ ಕೊಟ್ಟು ನೋಡಿದರು. ಫಿಲ್ಲರ್ ಮಾತ್ರ ಪಡೆದವರ ಗೆರೆ ಸುಮಾರು 18 ವಾರಕ್ಕೆ ಮೊದಲಿನಂತಾಯಿತು. ಎರಡನ್ನೂ ಪಡೆದವರಲ್ಲಿ ಅದಕ್ಕೆ 32 ವಾರ ಬೇಕಾಯಿತು. ಬೊಟಾಕ್ಸಿನ ಪ್ರಭಾವವೇ ಮೂರು-ನಾಲ್ಕು ತಿಂಗಳಿನದು, ಫಿಲ್ಲರ್ ಒಂಟಿಯಾಗಿ ನಿಂತದ್ದೂ ನಾಲ್ಕು ತಿಂಗಳು, ಜೊತೆಗೂಡಿದಾಗ ಏಳು! ಕೆಳಗಿನ ಸ್ನಾಯು ಸದಾ ಹಿಸುಕದೆ ಬಿಟ್ಟರೆ ಜೆಲ್ ಬೇಗ ಸವೆಯುವುದಿಲ್ಲ ಎಂಬುದು ವೈದ್ಯರ ವಿವರಣೆ. ಒಂದು ಚುಚ್ಚುಮದ್ದು ಇನ್ನೊಂದಕ್ಕೆ ಕಾವಲು ನಿಂತಂತಾಯಿತು.

ಆದರೂ ಅದೇ ಜಾಗದಲ್ಲಿ ಫಿಲ್ಲರ್ ಹಾಕಲು ಇಂದು ಅನುಭವಿ ವೈದ್ಯರೂ ಹಿಂಜರಿಯುತ್ತಾರೆ. ಹುಬ್ಬುಗಳ ನಡುವಿನ ಸಣ್ಣ ಅಪಧಮನಿಗಳು ಕಣ್ಣಿಗೆ ರಕ್ತ ಒಯ್ಯುವ ಅಪಧಮನಿಯ ಕವಲುಗಳು. ಸೂಜಿ ತಪ್ಪಿ ಜೆಲ್ ಒಳಹೊಕ್ಕು ಹಿಂದಕ್ಕೆ ನುಗ್ಗಿದರೆ ದೃಷ್ಟಿ ನಿಮಿಷಗಳಲ್ಲಿ ಹೋಗಬಹುದು, ಹೋದದ್ದು ಮರಳುವುದು ತೀರಾ ಅಪರೂಪ. ಮೂಗಿನ ಸುತ್ತಲೂ ಇದೇ ಅಪಾಯ. ಜೆಲ್ಲನ್ನು ಕರಗಿಸುವ ಹಯಾಲುರಾನಿಡೇಸ್ ಎಂಬ ಕಿಣ್ವವನ್ನು ಕೈಗೆಟುಕುವಲ್ಲಿ ಇಟ್ಟುಕೊಂಡೇ ವೈದ್ಯರು ಕೆಲಸ ಶುರುಮಾಡಬೇಕು. ಬ್ಯೂಟಿ ಪಾರ್ಲರಿನಲ್ಲಿ ರಿಯಾಯಿತಿ ದರಕ್ಕೆ ಫಿಲ್ಲರ್ ಹಾಕಿಸಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಹಾಸನದ ಓದುಗರು ಒಮ್ಮೆ ಕನ್ನಡಿಯ ಮುಂದೆ ಮುಖ ಸಡಿಲಿಸಿ ನಿಂತು ನೋಡಲಿ. ಹುಬ್ಬೇರಿಸಿದಾಗಷ್ಟೇ ಗೆರೆ ಕಂಡರೆ ಬೊಟಾಕ್ಸ್ ಒಂದೇ ಸಾಕಾದೀತು. ಸುಮ್ಮನಿದ್ದಾಗಲೂ ಕಂಡರೆ, ಮೊದಲು ಬೊಟಾಕ್ಸ್ ಹಾಕಿಸಿ ಎರಡು ವಾರ ಕಾದು, ಉಳಿದ ಗೆರೆಗೆ ಫಿಲ್ಲರ್ ಬೇಕೇ ಎಂದು ಚರ್ಮತಜ್ಞರನ್ನು ಕೇಳಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಯಸ್ತೇನಿಯಾದಂಥ ನರಸ್ನಾಯು ಕಾಯಿಲೆಯಿರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಅವರಿಗೆ ಬೊಟಾಕ್ಸ್ ಸಾಮಾನ್ಯವಾಗಿ ಕೊಡುವುದಿಲ್ಲ.