ಊರಿನ ಮಕ್ಕಳೇ ನಾಳಿನ ಶಿಕ್ಷಕರು: ಭಾವಿ ಶಿಕ್ಷಕರ ವಿದ್ಯಾರ್ಥಿ ಸಂಘಗಳು

ಗ್ರಾಮ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ದೂರುಗಳಲ್ಲಿ 'ಶಾಲೆಗೆ ಶಿಕ್ಷಕರಿಲ್ಲ' ಎಂಬುದೂ ಒಂದು. ದೂರದ ಊರಿನಿಂದ ಬಂದ ಶಿಕ್ಷಕರು ವರ್ಗಾವಣೆ ಪಡೆದು ತೆರಳಿದರೆ ಆ ತರಗತಿಯ ಹೊಣೆ ಅತಿಥಿ ಶಿಕ್ಷಕರ ಮೇಲೆ ಬೀಳುತ್ತದೆ. ನೇಮಕಾತಿಯು ಗ್ರಾಮ ಪಂಚಾಯಿತಿಯ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಶಿಕ್ಷಕ ವೃತ್ತಿಯಲ್ಲಿ ಆಸಕ್ತಿಯುಳ್ಳ ಮಕ್ಕಳನ್ನು ಊರಿನಲ್ಲಿಯೇ ಗುರುತಿಸಿ ಪ್ರೋತ್ಸಾಹಿಸುವ ಕಾರ್ಯದಲ್ಲಿ ಪಂಚಾಯಿತಿಯು ಪಾಲ್ಗೊಳ್ಳಬಹುದಾಗಿದೆ.

ಈ ಕಾರ್ಯಕ್ಕೆ ಅಮೆರಿಕದಲ್ಲಿ ದೀರ್ಘ ಅನುಭವವಿದೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸಾರ್ವಜನಿಕ ಶಾಲೆಗಳಿಗಾಗಿ ದುಡಿದ ಹೊರೇಸ್ ಮ್ಯಾನ್ ಅವರು 1837ರಲ್ಲಿ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾದರು. ಅದರ ಶತಮಾನೋತ್ಸವದ ಸಂದರ್ಭದಲ್ಲಿ, 1937ರಲ್ಲಿ, ಅಲ್ಲಿನ ರಾಷ್ಟ್ರೀಯ ಶಿಕ್ಷಣ ಸಂಘವು 'ಫ್ಯೂಚರ್ ಟೀಚರ್ಸ್ ಆಫ್ ಅಮೆರಿಕ' ಎಂಬ ವಿದ್ಯಾರ್ಥಿ ಸಂಘಟನೆಯನ್ನು ಆರಂಭಿಸಿತು. ಇದೇ ಪರಂಪರೆಯ ಸಂಘಗಳು ಇಂದು 'ಎಜುಕೇಟರ್ಸ್ ರೈಸಿಂಗ್' ಎಂಬ ಹೆಸರಿನಲ್ಲಿ ನಡೆಯುತ್ತಿವೆ.

ಸಂಘದ ಕಾರ್ಯವಿಧಾನ ಸರಳವಾದುದು. ಪ್ರೌಢಶಾಲೆಯ ಆಸಕ್ತ ವಿದ್ಯಾರ್ಥಿಗಳು ಒಬ್ಬ ಶಿಕ್ಷಕರ ಮಾರ್ಗದರ್ಶನದಲ್ಲಿ ಸೇರುತ್ತಾರೆ. ಕಿರಿಯ ತರಗತಿಗಳಿಗೆ ತೆರಳಿ ಬೋಧನೆಯನ್ನು ಗಮನಿಸುತ್ತಾರೆ. ಮಕ್ಕಳಿಗೆ ಕಥೆ ಓದಿ ಹೇಳುತ್ತಾರೆ. ಸಣ್ಣ ಪಾಠವೊಂದನ್ನು ಸಿದ್ಧಪಡಿಸಿ ಬೋಧಿಸಿ, ಅದರ ಗುಣದೋಷಗಳನ್ನು ಚರ್ಚಿಸುತ್ತಾರೆ. ಇದರಿಂದ ಈ ವೃತ್ತಿ ತನಗೆ ಒಪ್ಪುವುದೇ ಎಂಬುದು ವಿದ್ಯಾರ್ಥಿಗೆ ಮೊದಲೇ ಮನವರಿಕೆಯಾಗುತ್ತದೆ. ಒಪ್ಪದವರು ಬೇರೆ ಮಾರ್ಗ ಹಿಡಿಯುವುದೂ ಪ್ರಯೋಜನಕರವೇ.

ಸ್ಥಳೀಯ ಮಕ್ಕಳಿಗೆ ಪ್ರಾಶಸ್ತ್ಯ ನೀಡಲು ಕಾರಣವಿದೆ. ನ್ಯೂಯಾರ್ಕ್ ರಾಜ್ಯದಲ್ಲಿ 1999ರಿಂದ 2002ರವರೆಗೆ ವೃತ್ತಿಗೆ ಸೇರಿದ ಶಿಕ್ಷಕರ ಕುರಿತ ಅಧ್ಯಯನದ ಪ್ರಕಾರ, ಶೇ. 61ರಷ್ಟು ಮಂದಿ ತಮ್ಮ ಊರಿನಿಂದ 15 ಮೈಲಿ, ಅಂದರೆ ಸುಮಾರು 24 ಕಿ.ಮೀ. ಒಳಗಿನ ಶಾಲೆಯಲ್ಲಿಯೇ ಕೆಲಸ ಆರಂಭಿಸಿದ್ದರು. ಆದುದರಿಂದ ಶಿಕ್ಷಕರನ್ನು ರೂಪಿಸದ ಊರುಗಳು ಕೊರತೆಯನ್ನು ಅನುಭವಿಸುತ್ತಲೇ ಇರುವ ಸಂಭವ ಹೆಚ್ಚು.

ಕರ್ನಾಟಕದ ವ್ಯವಸ್ಥೆ ಭಿನ್ನವಾಗಿದೆ. ಸರ್ಕಾರಿ ನೇಮಕಾತಿಯಲ್ಲಿ ಸ್ವಂತ ಊರಿನ ಶಾಲೆಯೇ ದೊರೆಯುವುದೆಂಬ ಖಾತರಿಯಿಲ್ಲ. ಆದರೆ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿಗೆ ಜಿಲ್ಲೆಯೇ ಘಟಕವಾಗಿರುವುದರಿಂದ, ಜಿಲ್ಲೆಯಲ್ಲಿ ಅರ್ಹರ ಸಂಖ್ಯೆ ಹೆಚ್ಚಿದಷ್ಟೂ ಅನುಕೂಲ. ಪಿಯುಸಿ ನಂತರದ ಎರಡು ವರ್ಷಗಳ ಡಿ.ಎಲ್.ಇಡಿ., ಪದವಿಯ ನಂತರದ ಬಿ.ಇಡಿ. ಹಾಗೂ ಶಿಕ್ಷಕರ ಅರ್ಹತಾ ಪರೀಕ್ಷೆಯ ಮಾಹಿತಿ ಪ್ರೌಢಶಾಲಾ ಹಂತದಲ್ಲಿಯೇ ಮಕ್ಕಳಿಗೆ ದೊರೆಯಬೇಕು. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರಸ್ತಾಪಿಸಿರುವ ನಾಲ್ಕು ವರ್ಷಗಳ ಸಂಯೋಜಿತ ಬಿ.ಇಡಿ. ಪದವಿಯ ಬಗ್ಗೆಯೂ ತಿಳಿಸುವುದು ಸೂಕ್ತ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು:

1. ಮುಖ್ಯ ಶಿಕ್ಷಕರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದಿಗೆ ಚರ್ಚಿಸಿ, ಅವರ ಒಪ್ಪಿಗೆಯೊಂದಿಗೆ ಸಂಘ ರಚನೆಗೆ ಸಹಕರಿಸುವುದು.

2. ರಜಾದಿನಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಕಥೆ ಓದಿಸುವ ವ್ಯವಸ್ಥೆ ಮಾಡುವುದು.

3. ಊರಿನ ನಿವೃತ್ತ ಶಿಕ್ಷಕರನ್ನು ಮಾರ್ಗದರ್ಶನಕ್ಕೆ ಆಹ್ವಾನಿಸುವುದು.

4. ಮಕ್ಕಳ ಗ್ರಾಮ ಸಭೆಯಲ್ಲಿ ಸಂಘದ ಚಟುವಟಿಕೆಗಳನ್ನು ಮಂಡಿಸಲು ಅವಕಾಶ ನೀಡುವುದು.

5. ಹೆಣ್ಣುಮಕ್ಕಳು ಪಿಯುಸಿ ನಂತರವೂ ಓದು ಮುಂದುವರಿಸುವಂತೆ ಪೋಷಕರ ಮನವೊಲಿಸುವುದು.

ಒಂದು ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಖಾಲಿ ಹುದ್ದೆಯ ತರಗತಿಯನ್ನು ನಿಭಾಯಿಸಲು ಸಂಘದ ವಿದ್ಯಾರ್ಥಿಗಳನ್ನು ಕಳುಹಿಸತಕ್ಕದ್ದಲ್ಲ. ಹಾಗೆ ಮಾಡಿದಲ್ಲಿ ಇಬ್ಬರ ಓದಿಗೂ ಧಕ್ಕೆಯಾಗುತ್ತದೆ, ಕೊರತೆಯೂ ಮರೆಯಾಗುತ್ತದೆ. ಶಿಕ್ಷಣ ಹಕ್ಕು ಅಧಿನಿಯಮ, 2009ರ ಅನುಸಾರ 1ರಿಂದ 5ನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಅದಕ್ಕಿಂತ ಕಡಿಮೆಯಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು ಮೊದಲ ಕ್ರಮ. ಸಂಘದ ಫಲ ಕಾಣಲು ಆರೇಳು ವರ್ಷಗಳಾದರೂ ಬೇಕು. ಈಗ ಒಂಬತ್ತನೇ ತರಗತಿಯಲ್ಲಿರುವ ಮಗು ಡಿ.ಎಲ್.ಇಡಿ. ಮುಗಿಸುವ ವೇಳೆಗೆ ಪಂಚಾಯಿತಿಯ ಅವಧಿಯೂ ಮುಗಿದಿರುತ್ತದೆ. ಆದ್ದರಿಂದ ಸಂಘದ ವಿವರಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ, ಮುಂದಿನ ಸದಸ್ಯರಿಗೆ ದೊರೆಯುವಂತೆ ಇರಿಸುವುದು ಅವಶ್ಯಕ.